ಚೌಕಾಸಿಗೆ ಬಗ್ಗದ ಕಾರು

ಹೋಟೆಲಿನ ಗಲ್ಲಾದಲ್ಲಿ ಅರ್ಧ ಆಯುಷ್ಯ ಕೂತವನ ಬಾಯಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಗಿರಾಕಿ ಚಿಲ್ಲರೆಗಾಗಿ ಜೇಬು ತಡಕಾಡಿದರೆ ಸಾಕು, ‘ಇರಲಿ ಬಿಡಿ’ ಎಂದುಬಿಡುತ್ತದೆ. ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರದ ನಮ್ಮ ಹೋಟೆಲು ಮುಚ್ಚಿತು. ಬಾಯಿ ಮಾತ್ರ ಇನ್ನೂ ಗಲ್ಲಾದಲ್ಲೇ ಕೂತಿದೆ.

ಹೋಟೆಲಿನ ಸಾಲಕ್ಕೆ ನಾನೇ ಜಾಮೀನು, ಹಾಗಾಗಿ ದಿವಾಳಿಯೂ ನಾನೇ. ಈಗ ಕೋರ್ಟು ಒಪ್ಪಿದ ಯೋಜನೆಯಂತೆ ತಿಂಗಳು ತಿಂಗಳು ತೀರಿಸುತ್ತಿದ್ದೇನೆ. ಕಾರು ಮಾರಿದ ಹಣವೂ ಅದಕ್ಕೇ ಹೋಗಬೇಕು. ಆ ಯೋಜನೆಯ ಮೇಲ್ವಿಚಾರಣೆಗೆ ನೇಮಿಸಿದ ಸಾಹೇಬರು ಕಾರಿನ ಬೆಲೆ ಗೊತ್ತುಮಾಡಿ, ಒಂದು ರೂಪಾಯಿ ಕಡಿಮೆಗೂ ಕೊಡಕೂಡದು ಎಂದಿದ್ದರು.

ಕಾರೆಂದರೆ ಎಂಥ ಕಾರು! ಬೆಳಿಗ್ಗೆ ಕಲ್ಯಾಣದ ಮಾರ್ಕೆಟ್ಟಿನಿಂದ ತೆಂಗಿನಕಾಯಿ, ಕರಿಬೇವು ಹೊತ್ತು ತಂದ ಡಿಕ್ಕಿಯಲ್ಲೇ ಸಂಜೆ ಮಗಳ ಭರತನಾಟ್ಯದ ಉಡುಗೆಯ ಸವಾರಿ. ಅವಳು ವೇದಿಕೆ ಹತ್ತಿದರೆ ಮುಂದಿನ ಸಾಲಿನವರಿಗೆಲ್ಲ ಕರಿಬೇವಿನ ಘಮ. ‘ಪಪ್ಪಾ, ಸಬ್ ಹಂಸ್ತೇ ಹೈ’, ಎಲ್ಲರೂ ನಗುತ್ತಾರೆ ಎಂದು ಮುನಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಹೋದಳು. ಆ ಮುನಿಸು ಈಗ ಬೇಕೆನಿಸುತ್ತದೆ.

ಕೊಳ್ಳಲು ಬಂದವನು ಮಲ್ಲಪ್ಪ. ವಿಜಯಪುರದಿಂದ ಬಂದು ಇಟ್ಟಿಗೆ ಹೊರುತ್ತಿದ್ದ ಕಾಲದಿಂದ ನಮ್ಮ ಗಿರಾಕಿ. ಈಗ ಖಾರಘರದಲ್ಲಿ ಸಣ್ಣ ಗುತ್ತಿಗೆದಾರ. ಡೊಂಬಿವಲಿಯ ನಮ್ಮ ಮನೆಯಲ್ಲಿ ಗೋಳಿಬಜೆ ತಿಂದು, ಕಾಫಿ ಕುಡಿದು, ‘ಭಟ್ರ, ಒಂದೈದು ಸಾವಿರ ಕಮ್ಮಿ ಮಾಡ್ರಿ’ ಎಂದ.

‘ಇರಲಿ ಬಿಡಿ,’ ಎಂದಿತು ಬಾಯಿ.

ಒಳಗಿನಿಂದ ಹೆಂಡತಿ ಸೌಟು ಹಿಡಿದೇ ಬಂದಳು. ‘ಬಿಡ್ಲಿಕ್ಕೆ ಅದು ನಿಮ್ಮದಾ ಮಾರಾಯ್ರೆ?’

ಹೇಳಲೇಬೇಕಾಯಿತು. ಊರಿಗೆಲ್ಲ ಮುಚ್ಚಿಟ್ಟ ದಿವಾಳಿಯ ಸುದ್ದಿಯನ್ನು ಹಳೇ ಗಿರಾಕಿಗೆ ಹೇಳುವಾಗ ಕಿವಿ ಬಿಸಿಯಾಯಿತು. ಕಾರು ಹೋಗುವುದಿರಲಿ, ಒಂದಿಷ್ಟು ಬಿಟ್ಟುಕೊಡುವ ದೊಡ್ಡಸ್ತಿಕೆಯೂ ಹೋಯಿತಲ್ಲ ಎಂದು ಸಂಕಟವಾಯಿತು.

ಮಲ್ಲಪ್ಪ ಪೂರ್ತಿ ಬೆಲೆಗೆ ಒಪ್ಪಿದ. ಕಾಗದಪತ್ರವೆಲ್ಲ ಮುಗಿದು ಕೀಲಿ ಕೊಟ್ಟರೆ ತಿರುಗಿ ನನ್ನ ಕೈಗೇ ಇಟ್ಟ. ‘ನನಗ ಗಾಡಿ ಹೊಡ್ಯಾಕ ಬರಂಗಿಲ್ರಿ. ಮನೀತನಕ ನೀವ ತಂದು ಬಿಡ್ರಿ. ಅಕ್ಕಾರೂ ಬರ್ಲಿ, ಊಟ ಮಾಡ್ಕೊಂಡು ಹೋಗೀರಂತ.’

ಹೊರಟೆವು. ಶೀಲ್ ಫಾಟಾದಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಇಷ್ಟು ವರ್ಷ ಆ ಟ್ರಾಫಿಕ್ಕಿಗೆ ನಾನೂ ಹೆಂಡತಿಯೂ ಹಾಕದ ಶಾಪವಿಲ್ಲ.

‘ಭಟ್ರ, ಅಲ್ಲೊಂದು ಒಳದಾರಿ ಐತಿ, ತಿರುಗಿಸ್ರಿ. ಲಗೂನ ಮುಟ್ತೀವಿ,’ ಎಂದ ಮಲ್ಲಪ್ಪ.

ಹಿಂದಿನ ಸೀಟಿನಿಂದ ಹೆಂಡತಿ ಅಂದಳು: ‘ಬೇಡ. ಎಂಥ ಅರ್ಜೆಂಟುಂಟು? ಇದರಲ್ಲೇ ಹೋಗುವ.’