ಚಿಮಣಿ ಮೆಲ್ಕ್ ಹಾಕದ ಸಹಿ

ನಮ್ಮೂರಿನ ಚಿಮಣಿ ಗುಡಿಸುವ ಮೆಲ್ಕ್ ಗಿಸ್ಲರ್ ವಾದಕ್ಕಿಳಿಯುತ್ತಿದ್ದುದು ಒಲೆಯೊಳಗೆ ತಲೆ ತೂರಿಸಿಕೊಂಡೇ. ಮಾತು ಕೊಳವೆಯಿಂದ ಬರುತ್ತಿತ್ತು, ಮಸಿ ನಮ್ಮ ಮೇಲೆ ಬೀಳುತ್ತಿತ್ತು. ಎಂಟು ವರ್ಷ ಒಂದೇ ರಾಗ: ಬಂದಷ್ಟರಲ್ಲೇ ಖರ್ಚು ಮಾಡಬೇಕೆಂದು ರಾಜಧಾನಿ ಬರ್ನ್‌ನಲ್ಲಿರುವ ಸರ್ಕಾರಕ್ಕೆ ಸಂವಿಧಾನದಲ್ಲೇ ಮೂಗುದಾರ ಹಾಕಬೇಕು.

ನಾನು ಛಾವಣಿ ಹೊದಿಸುವವನು. ಅವನು ಚಿಮಣಿ ಬಾಯಲ್ಲಿ, ನಾನು ಅದೇ ಮನೆಯ ಹೆಂಚಿನ ಮೇಲೆ, ಊರಿಗೆಲ್ಲ ಕೇಳುವಂತೆ ಜಗಳ.

"ಹಿಮ ಕುಸಿದು ಕಣಿವೆ ರಸ್ತೆ ಕೊಚ್ಕೊಂಡ್ ಹೋದ್ರೆ? ಸಂವಿಧಾನ ತಗೊಂಡು ಗುಡಿಸ್ತೀಯೇನೋ?" ಎನ್ನುತ್ತಿದ್ದೆ ನಾನು.

"ಒಳ್ಳೆ ವರ್ಷದಲ್ಲಿ ಎತ್ತಿಟ್ಟಿರ್ಬೇಕು ಕಣೋ ಡೋಮಿ."

"ಅದೂ ಸಾಲ್ದಿದ್ರೆ?"

"ಒಂದ್ಸಲ ಸಡಿಲ ಬಿಡು, ಆಮೇಲೆ ವರ್ಷಾವರ್ಷ ಹಿಮ ಕುಸಿಯುತ್ತೆ, ನೋಡ್ತಿರು!"

ಕೊನೆಗೂ ಅದೇ ಪ್ರಶ್ನೆ ದೇಶದ ಜನಮತಕ್ಕೆ ಬಂತು. ಮೆಲ್ಕ್ ಮುಖ ತೊಳೆದುಕೊಂಡು ಮನೆಮನೆ ತಿರುಗಿದ. ಮಕ್ಕಳಿಗೆ ಗುರುತೇ ಸಿಗಲಿಲ್ಲ. "ದೇಶ ಏನಾದ್ರೂ ಅನ್ಲಿ, ನನ್ನೂರು ಹೌದು ಅನ್ಬೇಕು" ಎಂಬುದು ಅವನ ಹಟ.

ಮತ ಎಣಿಸುವವರು ಮೂವರು: ಮುಖ್ಯಸ್ಥ ಮೆಲ್ಕ್, ನಾನು, ಟೀಚರ್ ಇಮೆಲ್ಡಾ. ನಮ್ಮಲ್ಲಿ ಬಹಳ ಮಂದಿ ಅಂಚೆಯಲ್ಲೇ ಮತ ಕಳಿಸುತ್ತಾರೆ. ಲಕೋಟೆಯಲ್ಲಿ ಹೆಸರಿನ ಚೀಟಿ ಇರುತ್ತದೆ. ಅದಕ್ಕೆ ಸಹಿ ಇಲ್ಲದಿದ್ದರೆ ಒಳಗಿನ ಮತ ತೆರೆಯುವಂತಿಲ್ಲ. ಪ್ರತಿ ಸಲ ಯಾರಾದರೂ ಮರೆಯುತ್ತಾರೆ. ಹಿಂದೊಮ್ಮೆ ಮೆಲ್ಕ್ ನಮ್ಮ ತಾಯಿಯ ಲಕೋಟೆಯನ್ನೇ ಪಕ್ಕಕ್ಕೆ ಎಸೆದಿದ್ದ. ಮೂರು ತಿಂಗಳು ನಾನು ಅವನೊಡನೆ ಮಾತು ಬಿಟ್ಟಿದ್ದೆ.

ಭಾನುವಾರ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಲಕೋಟೆ ಒಡೆಯುತ್ತಿದ್ದೆವು. ನನ್ನ ಕೈಗೆ ಬಂದ ಒಂದು ಚೀಟಿಯಲ್ಲಿ ಹೆಸರಿತ್ತು: ಮೆಲ್ಕ್ ಗಿಸ್ಲರ್. ಸಹಿಯ ಜಾಗ ಖಾಲಿ. ಅಂಚಿನಲ್ಲಿ ಹೆಬ್ಬೆಟ್ಟಿನ ಮಸಿ.

ನಾನು ಮೇಜು ಗುದ್ದಿ ಗುದ್ದಿ ನಕ್ಕೆ. ಅವನು ಕಿವಿಯವರೆಗೂ ಕೆಂಪಾಗಿ, ಲಕೋಟೆ ಕಿತ್ತುಕೊಂಡು ಅಸಿಂಧು ರಾಶಿಗೆ ಹಾಕಿದ. ಅಲ್ಲಿ ಆಗಲೇ ಎರಡಿದ್ದವು.

ಎಣಿಕೆ ಮುಗಿಯಿತು. ಹೌದು ಐವತ್ತೆಂಟು, ಇಲ್ಲ ಐವತ್ತೆಂಟು.

ನನ್ನ ನಗು ನಿಂತಿತು. ಟೀಚರ್ ಎದ್ದು ಹೋಗಿ ಕಿಟಕಿಯಾಚೆ ನೋಡುತ್ತ ನಿಂತರು.

"ತಗೋ ಪೆನ್ನು," ಎಂದೆ.

"ನೀನು 'ಇಲ್ಲ' ಅನ್ನೋನಲ್ವೇನೋ?"

"ಎಂಟು ವರ್ಷ ತಲೆ ತಿಂದಿದ್ದೀಯ. ಗೆದ್ದು ಸಾಯಿ ಅತ್ಲಾಗೆ! ಹೆಬ್ಬೆಟ್ಟಂತೂ ಬಿದ್ದಿದೆ, ಪಕ್ಕದಲ್ಲಿ ಎರಡಕ್ಷರ ಗೀಚು."

ಅವನು ಪೆನ್ನಿನ ಮುಚ್ಚಳ ತೆಗೆದ. ಲಕೋಟೆಯನ್ನೇ ನೋಡಿದ. ಆಮೇಲೆ ಫಲಿತಾಂಶದ ಹಾಳೆ ಎಳೆದುಕೊಂಡು "ಅಸಿಂಧು: ಮೂರು" ಎಂದು ದಪ್ಪಕ್ಷರದಲ್ಲಿ ಬರೆದ.

"ಟೀಚರ್, ಹೊರಗೇನೂ ಇಲ್ಲ. ಈ ಕಡೆ ಬಂದು ಸಹಿ ಹಾಕಿ."

"ಕೋಣ! ಇದಕ್ಕೇ ನಾನು ಮೂಗುದಾರ ಬೇಡ ಅಂದಿದ್ದು!" ಎಂದು ಕಿರುಚಿದೆ. "ಒಂದು ಸಣ್ಣ ಸಂದಿ ಬಿಟ್ರೆ ಗಂಟೇನ್ ಹೋಗ್ತಿತ್ತು ನಿಂದು?"

"ಆ ರಾಶಿಲಿ ಇನ್ನಿಬ್ಬರು ಇದಾರಲ್ಲ, ಅವರನ್ನೂ ಕರೆಸಿ ಪೆನ್ನು ಕೊಡ್ತೀಯಾ?"

ಅವನು ಹಾಳೆಯನ್ನು ತಾನೇ ಹೊರಗಿನ ಹಲಗೆಗೆ ಚುಚ್ಚಿ ಬಂದ. ಕಣ್ಣು ಒದ್ದೆ, ಎದೆ ಮಾತ್ರ ಹುಂಜದಂತೆ ಮುಂದಕ್ಕೆ.

"ನೋಡಿದ್ಯಾ? ನನ್ನನ್ನೇ ಬಿಡಲಿಲ್ಲ. ನಿಯಮ ಅಂದ್ರೆ ಹಾಗಿರ್ಬೇಕು."

"ಸೋತಿದ್ದೀಯ ಕಣೋ, ಮಾರಾಯ!"

"ಸೋತಿಲ್ಲ. ಸಮ."

ಬಾಗಿಲನ್ನು ದಡಾರನೆ ಹಾಕಿಕೊಂಡು ಎದುರಿನ ಹೋಟೆಲಿಗೆ ಹೋದೆ. ಅದೇ ಸಿಟ್ಟಿನಲ್ಲಿ ಎರಡು ಕಾಫಿ ಹೇಳಿದೆ, ಎರಡಕ್ಕೂ ಬ್ರಾಂದಿ ಜಾಸ್ತಿ.