ನೆಲಕ್ಕಿಳಿದ ದೊಡ್ಡ ಬ್ಯಾಂಕು

"ಲೇ ಗಿಡ್ಡ, ಅಲ್ಲೇನು ನೋಡ್ತೀಯ? ಮುಂದೆ ಬಂದು ನೆಲದ ಮೇಲೆ ಕೂತ್ಕೋ" ಎಂದುಬಿಟ್ಟ ಮುಸ್ಯೋಕಿ.

ನೈರೋಬಿಯ ಆ ಹೋಟೆಲಿನ ಹುಲ್ಲುಹಾಸಿನ ಮೇಲೆ ಗದ್ದಲ ತಟ್ಟನೆ ನಿಂತಿತು. ಅವನು ಗಿಡ್ಡ ಎಂದದ್ದು ಜೊಹಾನ್ಸ್‌ಬರ್ಗ್‌ನಿಂದ ಬಂದು ನಡುಗುರ್ಚಿಯಲ್ಲಿ ಕೂತಿದ್ದ, ಆಫ್ರಿಕಾ ಖಂಡದಲ್ಲೇ ಅತಿ ದೊಡ್ಡ ಬ್ಯಾಂಕಿನ ಯಜಮಾನರನ್ನು.

ಮುಸ್ಯೋಕಿ ಶಾಲೆಗಳ ಫೋಟೋದವನು. ಉದ್ದದವರು ಹಿಂದೆ ಬೆಂಚಿನ ಮೇಲೆ, ಮೇಷ್ಟರು ಕುರ್ಚಿಯಲ್ಲಿ, ಗಿಡ್ಡರು ಮುಂದೆ ನೆಲದಲ್ಲಿ. ಅವನ ವಿದ್ಯೆಯೆಲ್ಲ ಇಷ್ಟೇ. ಅವನ ಊರು ಮಚಾಕೋಸ್‌ನ ಸುತ್ತಮುತ್ತ ಅವನಿಂದ ಗದರಿಸಿಕೊಳ್ಳದೆ ದೊಡ್ಡವರಾದವರು ಕಡಿಮೆ. ಫೋನು ಬಂದಮೇಲೆ ಮೇಷ್ಟರೇ ಫೋಟೋ ಹಿಡಿಯತೊಡಗಿ, ಅವನ ಕಸುಬೇ ಕತ್ತಲೆಕೋಣೆ ಸೇರಿತು. ಆಗ ಕರೆದವಳು ಮ್ವೆಂಡೆ. ಅವನದೇ ಫೋಟೋದಲ್ಲಿ ಮೂಗು ಸುರಿಸುತ್ತ ಕೂತಿದ್ದ ಹುಡುಗಿ ಈಗ ಈ ಹೋಟೆಲಿನ ಸಮಾರಂಭಗಳ ಉಸ್ತುವಾರಿ. ಈ ಒಂದು ಫೋಟೋ ಚೆನ್ನಾಗಿ ಬಂದರೆ ಕೆಲಸ ಖಾಯಂ ಎಂದಿದ್ದಳು. ಹೆಂಡತಿ ಅದನ್ನು ಚರ್ಚಿನ ಹೆಂಗಸರಿಗೆಲ್ಲ ಆಗಲೇ ಹೇಳಿಯಾಗಿತ್ತು.

ಆದರೆ ಇದು ಆಫ್ರಿಕಾದ ದೊಡ್ಡ ಬ್ಯಾಂಕುಗಳ ಯಜಮಾನರೆಲ್ಲ ಸೇರಿದ್ದ ಗುಂಪು ಫೋಟೋ; ಇಲ್ಲಿ ಬ್ಯಾಂಕಿನ ಆಸ್ತಿಗೆ ತಕ್ಕ ಆಸನ. ನಡುಗುರ್ಚಿಯ ಬಗ್ಗೆ ತಕರಾರಿರಲಿಲ್ಲ. ಅದರ ಬಲಗಡೆಯದಕ್ಕೆ ಕೈರೋದವರೂ ಲಾಗೋಸಿನವರೂ ಒಟ್ಟಿಗೇ ಕೈ ಹಾಕಿದ್ದರು. ಡಾಲರ್ ಲೆಕ್ಕದಲ್ಲಿ ನಾವೇ ದೊಡ್ಡವರು ಎಂದು ಲಾಗೋಸಿನವರು. ಅದು ನಿಮ್ಮ ನೈರಾದ ಬೆಲೆ ಬೀಳುವ ಮೊದಲಿನ ಮಾತು ಎಂದು ಕೈರೋದವರು. ನಿಮ್ಮ ಪೌಂಡೇನು ಎದ್ದು ನಿಂತಿದೆಯೇ ಎಂದು ಮತ್ತೆ ಲಾಗೋಸಿನವರು. ಅಷ್ಟರಲ್ಲಿ ಕಾಸಾಬ್ಲಾಂಕಾದವರು ಸದ್ದಿಲ್ಲದೆ ಆ ಕುರ್ಚಿಯ ಮೇಲೆ ತಮ್ಮ ಕೋಟು ಹಾಕಿದರು. ಬಿಸಿಲು ಇಳಿಯುತ್ತಿತ್ತು. ಬೆಳಕು ಹೋದೀತೆಂಬ ಅವಸರದಲ್ಲಿ ಮುಸ್ಯೋಕಿಯ ಬಾಯಿಂದ ಹಳೇ ಶಾಲಾ ಮೈದಾನದ ಮಾತು ಜಾರಿಬಿಟ್ಟಿತ್ತು.

ಮ್ವೆಂಡೆ ಮುಖ ಮುಚ್ಚಿಕೊಂಡಳು. ಮುಸ್ಯೋಕಿ ಮನಸ್ಸಿನಲ್ಲೇ ಕ್ಯಾಮರಾ ಮಾರಿಬಿಟ್ಟ.

ಯಜಮಾನರು ಅವನನ್ನೇ ನೋಡಿದರು. "ಬೂಟು ಬಿಚ್ಚಬಹುದಾ?" ಎಂದು ಕೇಳಿದರು. ಬಿಚ್ಚಿ, ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಉಸ್ಸಪ್ಪ ಎಂದರು.

ಖಂಡದ ದೊಡ್ಡ ಬ್ಯಾಂಕೇ ನೆಲದಲ್ಲಿರುವಾಗ ಅದರ ತಲೆಯ ಮೇಲೆ ಕೂರುವವರು ಯಾರು? ಕೈರೋ ಕೆಳಗಿಳಿಯಿತು. ಲಾಗೋಸ್ ತನ್ನ ಅಗಲವಾದ ನಿಲುವಂಗಿ ಹರಡಿಕೊಂಡು ಪಕ್ಕಕ್ಕೇ ಒತ್ತರಿಸಿತು. ಕಾಸಾಬ್ಲಾಂಕಾ ಕೋಟು ಎಳೆದುಕೊಂಡು ಓಡಿಬಂತು. ಕುರ್ಚಿಗಳೆಲ್ಲ ಖಾಲಿ, ನೆಲದಲ್ಲಿ ನೂಕುನುಗ್ಗಲು.

"ಸ್ವಲ್ಪ ಸರೀರಿ ಮಾರಾಯ್ರೆ, ನನ್ನ ಮಂಡಿ ಮೇಲೆ ನಿಮ್ಮ ಶಾಖೆ ತೆರೀಬೇಡಿ" ಎಂದರು ಕೈರೋದವರು ಲಾಗೋಸಿನವರಿಗೆ. ಲಾಗೋಸಿನವರೇ ಮೊದಲು ನಕ್ಕರು, ಆಮೇಲೆ ಎಲ್ಲರೂ. ಆ ನಗುವಿಗೇ ಮುಸ್ಯೋಕಿ ಗುಂಡಿ ಒತ್ತಿದ.

ಬ್ಯಾಂಕುಗಳೆಲ್ಲ ಹುಲ್ಲು ಕೊಡವಿಕೊಂಡು ಊಟಕ್ಕೆ ಹೋದಮೇಲೆ ಮ್ವೆಂಡೆ ಬಂದು, ಸೋಮವಾರದಿಂದ ಕೆಲಸಕ್ಕೆ ಬನ್ನಿ ಎಂದಳು. ಮುಸ್ಯೋಕಿ ಅಷ್ಟು ಹೊತ್ತು ಹಿಡಿದಿಟ್ಟ ಉಸಿರನ್ನು ಬಡ್ಡಿಸಮೇತ ಬಿಟ್ಟ.

"ಒಂದು ಹೇಳಿ ಮ್ಜೇ," ಎಂದಳು ಅವಳು, ಹಿರಿಯರನ್ನು ಕರೆಯುವ ಗೌರವದಲ್ಲಿ. "ಆ ದೊಡ್ಡ ಬ್ಯಾಂಕಿನವರನ್ನ ನೆಲಕ್ಕೆ ಕೂರಿಸಿದ್ರೆ ಜಗಳ ತಾನಾಗೇ ನಿಲ್ಲತ್ತೆ ಅಂತ ನಿಮಗೆ ಹೇಗೆ ಹೊಳೀತು?"

"ಹೊಳೆಯೋದೆಲ್ಲಿ ಬಂತಮ್ಮ. ಕುರ್ಚಿ ಮೇಲೆ ಕೂತ್ರೆ ಅವರ ಕಾಲು ನೆಲಕ್ಕೆ ಎಟುಕ್ತಾ ಇರ್ಲಿಲ್ಲ."