ಗಿರಣಿ ಬ್ಯಾನರಿನ ಖಾಲಿ ಜಾಗ

ಸೊಲ್ಲಾಪುರದ ವಿಜಾಪುರ ರಸ್ತೆಯ ಬ್ಯಾನರ್ ಅಂಗಡಿಯಲ್ಲಿ ಮೂರು ವರ್ಷ ನಾನು ಮಾಡಿದ್ದು ಮಂದಿಯ ಮುಖ ಕತ್ತರಿಸೋ ಕೆಲಸ. ಹುಟ್ಟುಹಬ್ಬದ ಬ್ಯಾನರ್ ಅಂದರೆ ನಡುವೆ ಗಾಗಲ್ ಹಾಕಿಕೊಂಡವನೊಬ್ಬ, ಸುತ್ತಲೂ ಶುಭ ಕೋರುವವರ ಗುಂಡು ಗುಂಡು ಮುಖ. ಅಂಗೈಯಷ್ಟು ಜಾಗ ಉಳಿದರೂ ಗಿರಾಕಿ ಕಂಪ್ಯೂಟರಿಗೆ ಬೆರಳು ಒತ್ತುತ್ತಿದ್ದ: “ಇಲ್ಲಿ ಯಾಕ್ ಖಾಲಿ ಬಿಟ್ಟೀರಿ ಮೇಡಂ? ನಮ್ಮ ಅಳಿಯಾನ್ನ ಕೂಡಸ್ರಿ.”

ಅಂಥಾದ್ದರಲ್ಲಿ ನಾನು ಕೆಲಸಕ್ಕೆ ಅರ್ಜಿ ಹಾಕಿದ್ದ ಪುಣೆಯ ಒಂದು ಡಿಸೈನ್ ಆಫೀಸಿನಿಂದ ಮೇಲ್ ಬಂತು. ಪೂರ್ತಿ ನನ್ನದೇ ಅನ್ನುವಂಥ, ಅಚ್ಚಾಗಿ ಬಳಕೆಗೆ ಬಂದ ಮೂರು ಕೆಲಸಗಳ ಫೋಟೊ ಸೋಮವಾರದೊಳಗೆ ಕಳಿಸಬೇಕು. ನನ್ನ ಹತ್ತಿರ ಎರಡೇ ಇದ್ದವು: ಗೆಳತಿಯ ಪಾರ್ಲರಿನ ಬೋರ್ಡು, ಒಂದು ಟವೆಲ್ ಕಾರ್ಖಾನೆಯ ಡಬ್ಬಿ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು, “ಈ ಸರ್ತಿ ಆಗಲಿಲ್ಲಂದ್ರ ಸುಮ್ನ ಬಿ.ಎಡ್. ಫಾರ್ಮ್ ತುಂಬು.”

ಆ ಭಾನುವಾರವೇ ಅಕ್ಕಲಕೋಟದಲ್ಲಿ ನಮ್ಮ ಮಾಮಾನ ಹಿಟ್ಟಿನ ಗಿರಣಿ ಶುರುವಾಗೋದಿತ್ತು. ಫೋನ್ ಹಚ್ಚಿ ಬ್ಯಾನರ್ ನಾನು ಮಾಡ್ತೀನಿ ಅಂದೆ.

“ಯಾರ್ಯಾರ ಫೋಟೊ ಕಳಸ್ಲಿ, ಯವ್ವಾ?”

“ಯಾರದೂ ಬ್ಯಾಡ್ರಿ. ನನ್ನ ಮ್ಯಾಲೆ ಬಿಡ್ರಿ.”

“ಬಿಟ್ಟೆ ತಗೋ,” ಅಂದರು.

ನಾನು ಮಾಡಿದ ಬ್ಯಾನರ್ ಬರೀ ಬಿಳಿ. ಒಂದು ಮೂಲೆಯಿಂದ ಬಾಗಿದ ಜೋಳದ ತೆನೆ, ಕೆಳಗೆ ಗಿರಣಿಯ ಹೆಸರು. ಅಷ್ಟೇ. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸ ನೋಡಿ ನಾನೇ ನಕ್ಕೆ. ಶನಿವಾರ ಅಕ್ಕಲಕೋಟದ ಬಸ್ಸಿಗೆ ಕೊಟ್ಟು ಕಳಿಸಿ, ಮರುದಿನ ಫೋಟೊ ತೆಗೆಯಲು ಹೋದೆ.

ಬಿಳಿ ಇರಲಿಲ್ಲ. ಅದರ ಮೇಲೆ ಹನ್ನೊಂದು ಗುಂಡು ಮುಖ ಅಂಟಿಸಿದ್ದರು.

“ಜಾಗಾ ಖಾಲೀನ ಉಳದಿತ್ತಲ್ಲ,” ಅಂದರು ಮಾಮಾ. “ಮುಖಾ ಹಾಕಲಿಲ್ಲಂದ್ರ ನಮ್ಮನ್ನ ಲೆಕ್ಕಕ್ಕ ಹಿಡದಿಲ್ಲ ಅಂತ ಮಂದಿ ಸಿಟ್ಟಾಗ್ತಾರ. ಇಲ್ಲೇ ಮಾಡಿಸಿ ಹಚ್ಚೀವಿ. ನೋಡು, ನಿಂದ ಎಲ್ಲಾರಕಿಂತ ದೊಡ್ಡದು!”

ನೋಡಿದೆ. ಜೋಳದ ತೆನೆಯ ಮೇಲೆ, ಎರಡು ಜಡೆ ಹಾಕಿಕೊಂಡ ನನ್ನ ಹತ್ತನೇ ಕ್ಲಾಸಿನ ಫೋಟೊ.

ಅಂಚಿಗೆ ಉಗುರು ಹಾಕಿ ಎಬ್ಬಿಸಲು ನೋಡಿದರೆ ಕೆಳಗಿನ ಬಣ್ಣವೂ ಕಿತ್ತು ಬಂತು. ಮೊಬೈಲ್ ಹಿಡಿದು ಕೂತೆ, ಬಾಗಿದೆ, ಎಡಕ್ಕೆ ಸರಿದೆ. ಯಾವ ಕಡೆ ನಿಂತರೂ ಯಾರೋ ಒಬ್ಬರು ನನ್ನನ್ನೇ ನೋಡುತ್ತಿದ್ದರು. “ನಮ್ಮನ್ನೆಲ್ಲಾ ಬಿಟ್ಟು ಆ ಮೂಲಿ ಫೋಟೊ ಯಾಕ್ ಹೊಡೀತಿ?” ಅಂತ ನಮ್ಮ ಅವ್ವನ ಅವ್ವ, ಆಯಿ, ನಗುತ್ತಾ ಕೇಳಿದಳು. ನಾನು ಜೋಳದ ಚೀಲಗಳ ಹಿಂದೆ ಹೋಗಿ ಕೂತು ಅತ್ತೆ.

ಮಾಮಾ ಹುಡುಕಿಕೊಂಡು ಬಂದರು. “ಸಣ್ಣದಾತೇನ ಯವ್ವಾ? ಇನ್ನೊಂದಿಷ್ಟು ದೊಡ್ಡದು ಮಾಡಸ್ಲೇನು?”

ಸೋಮವಾರ ಎರಡೇ ಫೋಟೊ ಕಳಿಸಿದೆ. ಪುಣೆಯಿಂದ ಉತ್ತರ ಬರಲಿಲ್ಲ. ಬಿ.ಎಡ್. ಫಾರ್ಮ್ ತುಂಬಿದೆ.

ದೀಪಾವಳಿಗೆ ಅಕ್ಕಲಕೋಟಕ್ಕೆ ಹೋದಾಗ ಬ್ಯಾನರ್ ಇನ್ನೂ ಅಲ್ಲೇ ಇತ್ತು. ಹಿಟ್ಟು ಹಾರಿ ಹಾರಿ ಕೂತು, ದೂರದಿಂದ ಪೂರ್ತಿ ಬಿಳಿ ಕಂಡಿತು. ಫೋಟೊ ತೆಗೆಯಲು ಮೊಬೈಲಿಗೆ ಕೈ ಹಾಕಿದೆ. ನಾನು ನಿಂತು ನೋಡುವುದನ್ನು ಕಂಡ ಮಾಮಾ ಹೆಗಲ ಟವೆಲ್ ಎಳೆದುಕೊಂಡು ಓಡಿ ಬಂದು, ಬ್ಯಾನರ್ ಒರೆಸತೊಡಗಿದರು. ಮೊದಲು ನನ್ನ ಮುಖವನ್ನೇ ಒರೆಸಿದರು.